ಬಂದವರು, ನುಗ್ಗಿದವರು

ಮೇಲೂರು, ಕಪ್ಪತಗುಡ್ಡ
೨೨೩೧ನೆಯ ಇಸವಿ, ಹದಿಮೂರನೆಯ ತಿಂಗಳು, ಮೂರನೆಯ ದಿನ

ಇನ್ನೂರು ವರ್ಷ ಹಿಂದಿನ ಹಿರಿಯರಿಗೆ ಗುರುಬಸವ್ವ ಮಾಡುವ ಶರಣು.

ನಿಮಗೆ ಹನ್ನೆರಡೇ ತಿಂಗಳೆಂದು ಬಲ್ಲೆ. ಬೇಸಿಗೆ ಬೆಳೆಯುತ್ತ ಹೋದಂತೆ ನಾವು ವರ್ಷವನ್ನು ಹದಿಮೂರಾಗಿ ಹಂಚಿಕೊಂಡೆವು. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಪದ ಬಂದರೆ ಮನ್ನಿಸಿ. ಎಲ್ಲರಿಗೂ ತಿಳಿದ ಪದದಿಂದಲೇ ನಾನು ಮಾಡಿದ ಕೇಡನ್ನು ಹೇಳಲು ಈ ಕಾಗದ.

ನಮ್ಮಲ್ಲಿ ಪ್ರತಿ ಮನೆಯ ಗೋಡೆಯಲ್ಲೂ ಊರುದನಿ ಎಂಬ ಅಂಗೈಯಗಲದ ಜಾಲರಿ ಇದೆ. ನೀರು ಬಿಡುವ ಹೊತ್ತು, ಹುಟ್ಟಿದವರ ಹೆಸರು, ಸತ್ತವರ ಹೆಸರು, ಆ ದಿನದ ಬಿಸಿಗಾಳಿ ಎಲ್ಲವನ್ನೂ ಬೆಳಿಗ್ಗೆ ಅದೇ ಹೇಳುತ್ತದೆ. ಜನ ರೊಟ್ಟಿ ಬಡಿಯುತ್ತ, ಮಕ್ಕಳ ತಲೆ ಬಾಚುತ್ತ ಕೇಳುತ್ತಾರೆ. ದೊಡ್ಡ ತೀರ್ಮಾನವಿದ್ದರೆ ಸಂಜೆ ಎಲ್ಲರೂ ಕಟ್ಟೆಗೆ ಬಂದು ಕೈಯೆತ್ತುತ್ತಾರೆ. ಊರುದನಿಗೆ ಸುದ್ದಿ ಬರೆಯುವ ಕೆಲಸ ನನ್ನದಾಗಿತ್ತು.

ಆರು ವರ್ಷದ ಹಿಂದೆ, ತಮ್ಮ ಊರನ್ನು ಕಡಲು ನುಂಗಿದ ಮೇಲೆ, ಕರಾವಳಿಯ ನಲವತ್ತೊಂದು ಮನೆಯವರು ಗುಡ್ಡ ಹತ್ತಿ ಬಂದರು. ನಮ್ಮ ಬೇಲಿಯ ಆಚೆ ಕೂತು ನೀರು ಕೇಳಿದರು. ಅವರಲ್ಲಿ ಗಣಪಿ ಹರಿಕಂತ್ರ ಎಂಬ ಹೆಂಗಸಿದ್ದಳು. ಜೊತೆಗೆ ನಡೆಯಲಾರದ ಗಂಡ, ಇಬ್ಬರು ಮೊಮ್ಮಕ್ಕಳು. ನಮ್ಮವ್ವ ಬೇಲಿಯ ಸಂದಿಯಿಂದ ಅವರಿಗೆ ಅಂಬಲಿ ಕೊಟ್ಟಳು. "ಪಾಪ, ಮುದುಕನ ಕಾಲು ಬಾತಾವ" ಎಂದು ಮನೆಗೆ ಬಂದು ಕಣ್ಣೊರೆಸಿಕೊಂಡಳು.

ಅವರನ್ನು ಇರಗೊಡಬೇಕೇ ಬೇಡವೇ ಎಂದು ಮರುದಿನ ಕೈಯೆತ್ತುವುದಿತ್ತು. ನಾನು ಬರೆದೆ: "ನಲವತ್ತೊಂದು ಮನೆಯವರು ಬಂದಿದ್ದಾರೆ. ನೀರು ಕೇಳುತ್ತಿದ್ದಾರೆ." ಊರುದನಿಯ ಮುಖ್ಯಸ್ಥರಾದ ಅಂದಾನೆಪ್ಪನವರು ಓದಿ ಹಾಳೆ ವಾಪಸು ಕೊಟ್ಟರು.

"ತಂಗೀ, ಇದು ಉಪ್ಪಿಲ್ಲದ ಸಾರು ಆತು. ಮಂದಿ ಕಿವಿಗೊಡಬೇಕಂದ್ರ ಒಂದೀಟು ಖಾರ ಹಾಕು."

ಹಾಕಿದೆ. "ನಲವತ್ತೊಂದು ಮನೆಯವರು ನುಗ್ಗಿದ್ದಾರೆ. ನಮ್ಮ ಕೆರೆಯ ಮೇಲೆ ಕಣ್ಣು ಹಾಕಿದ್ದಾರೆ." ಎಣಿಕೆ ಸರಿಯಿತ್ತು, ಆದ್ದರಿಂದ ಸುಳ್ಳಲ್ಲ ಎಂದುಕೊಂಡೆ. ಇನ್ನೂ ನಾಚಿಕೆಯ ಮಾತೆಂದರೆ, ಬರೆದು ಮುಗಿಸಿದಾಗ ನನಗೆ ಖುಷಿಯಾಗಿತ್ತು. ವಾಕ್ಯ ಚೆನ್ನಾಗಿ ಬಂದಿತ್ತು.

ಮರುದಿನ ಬೆಳಿಗ್ಗೆ ಊರುದನಿ ಅದನ್ನೇ ಹೇಳಿತು. ಸಂಜೆ, ಅವರನ್ನು ಕಳಿಸಿಬಿಡಿ ಎಂದು ಎದ್ದ ಕೈಗಳಲ್ಲಿ ಅವ್ವನದೂ ಒಂದು. ನಾನು ಬೆಚ್ಚಿಬಿದ್ದು, "ಅವ್ವಾ, ನಿನ್ನೆ ನೀನ ಅಂಬಲಿ ಕೊಟ್ಟು ಬಂದೆಲ್ಲ?" ಎಂದೆ.

"ಅವರು ಬ್ಯಾರೆ, ಇವರು ಬ್ಯಾರೆ. ಇವರು ನುಗ್ಗಿದವರು. ನೀನ ಬರದೀಯಲ್ಲ, ಸುಳ್ಳು ಬರೀತೀಯೇನು ನೀನು?"

ಸುತ್ತಲಿನವರೆಲ್ಲ ನನ್ನತ್ತ ನೋಡಿದರು. ಹೌದು, ಸುಳ್ಳು ಬರೆದೆ ಎಂದಿದ್ದರೆ ಸಾಕಿತ್ತು. ನಾನು ತಲೆ ತಗ್ಗಿಸಿ ನಿಂತೆ. ಮರುದಿನ ಅವರನ್ನು ಗುಡ್ಡ ಇಳಿಸಿದರು. ಗಣಪಿಯ ಗಂಡ ಮೂರನೆಯ ದಿನ ದಾರಿಯಲ್ಲೇ ತೀರಿಕೊಂಡ.

ಕೆಲಸ ಬಿಟ್ಟೆ. ಬಿಟ್ಟದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಹೋದ ವರ್ಷ ಉಪ್ಪುಬಯಲಿಗೆ, ಅಂದರೆ ಕಡಲು ಬಂದು ಹೋಗಿ ಹುಲ್ಲೂ ಬೆಳೆಯದಂತಾದ ಸೀಮೆಗೆ, ನಡೆದು ಹೋಗಿ ಗಣಪಿಯನ್ನು ಹುಡುಕಿದೆ. ಆಕೆ ಮೀನು ಒಣಹಾಕುತ್ತಿದ್ದಳು. ಆ ಸುದ್ದಿ ಬರೆದವಳು ನಾನೇ ಎಂದೆ. ಆಕೆ ಕೈ ನಿಲ್ಲಿಸಲಿಲ್ಲ.

"ಆ ಸುದ್ದಿ ನಾನೂ ಕೇಳಿದ್ದೆ. ಬೇಲಿ ಹತ್ರನೇ ನಿಂತ್ಕಂಡಿದ್ದೆ, ಆಚೆ ಮನೆ ಗೋಡೆಯಿಂದ ಕೇಳ್ತಿತ್ತು. ನಮ್ಮ ಬಗ್ಗೆನೇ ಹೇಳೂದು ಅಂತ ತಿಳೀಲೇ ಇಲ್ಲ. ಯಾರೋ ಕಳ್ರು ನುಗ್ಗಿರು ಅಂದ್ಕಂಡು, ಹೆದ್ರಿ ಮಕ್ಕಳ್ನ ಹತ್ರ ಎಳ್ಕಂಡೆ."

ನಾನು ಕ್ಷಮೆ ಕೇಳಲಿಲ್ಲ. ಯಾವ ಪದ ತೆಗೆದುಕೊಂಡರೂ ಅದು ನನ್ನ ಕೈ ಮುಟ್ಟಿ ಕೆಟ್ಟ ಪದವೆನಿಸಿತು. ಸಂಜೆಯವರೆಗೆ ಆಕೆಯ ಜೊತೆ ಮೀನು ಹರವಿ, ಹಿಂದಿರುಗಿದೆ.

ಹಿರಿಯರೇ, ನಿಮ್ಮ ಕಾಲದಲ್ಲೂ ಬರೆಯುವವರಿದ್ದಾರೆ, ಕೇಳುವವರಿದ್ದಾರೆ. ಯಾರದೋ ಸುದ್ದಿ ಕೇಳಿ ನಿಮಗೆ ಮೈ ಉರಿದರೆ, ಕೈಯೆತ್ತುವ ಮೊದಲು ಬೇಲಿಯವರೆಗೆ ಹೋಗಿ ಅವರ ಮುಖ ನೋಡಿ ಬನ್ನಿ. ನೂರು ಹೆಜ್ಜೆ ಆಗಬಹುದು. ನಾನು ಹೋಗಿರಲಿಲ್ಲ.