ಹಾಲ್ ಬಟನ್

ಅಪ್ಪಾ,

ಹೋದ ಭಾನುವಾರ ಮನೋಹರ್ ಭಾವ ನಿನ್ನ ಕ್ಯಾಸೆಟ್ ಹಾಕಿದರು. ನೀನು ತೀರಿಕೊಂಡ ಮೇಲೆ ಉಳಿದಿರುವ ನಿನ್ನ ದನಿ ಅದೊಂದೇ. ಅಶೋಕಪುರಂನ ನಮ್ಮ ಒಂದೇ ಕೋಣೆಯ ಮನೆಯಲ್ಲಿ ತಂಬೂರಿ ಹಿಡಿದು ಹಾಡಿದ್ದು. ಸಿದ್ಧಾರ್ಥನಗರದ ಭಾವನ ಮನೆಗೆ ಹೊಸದಾಗಿ ಐದು ಸ್ಪೀಕರಿನ ಸೆಟ್ ಬಂದಿದೆ. ಅದರಲ್ಲಿ 'ಹಾಲ್' ಅಂತ ಒಂದು ಬಟನ್. ಒತ್ತಿದರೆ ದನಿಯನ್ನು ಚೂರು ತಡಮಾಡಿ ಹಿಂದಿನ ಸ್ಪೀಕರುಗಳಿಗೂ ಕಳಿಸುತ್ತದೆ. ಗೋಡೆಗಳು ಬಹಳ ದೂರ ಇವೆಯೆಂದು ಕಿವಿ ನಂಬಿಬಿಡುತ್ತದೆ.

"ನೋಡು ಧರಣಿ, ಮಾವನ್ನ ಟೌನ್‌ಹಾಲಲ್ಲೇ ಕೂರಿಸ್ಬುಟ್ಟೆ!" ಅಂದರು ಭಾವ. ಬಂದಿದ್ದ ನೆಂಟರೆಲ್ಲ ಚಪ್ಪಾಳೆ ತಟ್ಟಿದರು.

ನನಗೆ ಮೈಯೆಲ್ಲ ಉರಿಯಿತು. ನೀನಿದ್ದಾಗ ಯಾವ ಸಭೆಯವರು ನಿನ್ನನ್ನು ಹಾಡಲು ಕರೆದರು? ಇದೇ ಭಾವ ತಮ್ಮ ಮದುವೆಯಲ್ಲಿ, "ತಂಬೂರಿ ಯಾಕೆ ಮಾವ, ಆರ್ಕೆಸ್ಟ್ರಾ ಬತ್ತದೆ" ಅನ್ನಲಿಲ್ಲವೇ? ಸಾಲುಗಳ ನಡುವೆ ನೀನು ಉಸಿರೆಳೆದುಕೊಳ್ಳುವುದು, ಹಿಂದೆ ಅವ್ವ ಒಲೆ ಊದುವುದು, ಒಂದೂ ಕೇಳಿಸದಂತೆ ಆ ಸುಳ್ಳು ಗೋಡೆಗಳು ನುಂಗಿಬಿಟ್ಟವು. 

ಅಷ್ಟರಲ್ಲಿ ಕೊನೆಯ ಹಾಡಿನ ನಡುವೆ, ಐದೂ ಸ್ಪೀಕರುಗಳಿಂದ, ಎಂಟು ವರ್ಷದ ನನ್ನ ದನಿ ಮೊಳಗಿತು: "ಸಾಕು ನಿಲ್ಸಪ್ಪ, ಪಕ್ಕದ್ಮನೆಯೋರು ನಗ್ತಾರೆ!"

ಕ್ಯಾಸೆಟ್ಟಿನಲ್ಲಿ ನೀನು ಅರ್ಧಕ್ಕೇ ಹಾಡು ನಿಲ್ಲಿಸಿದೆ. ನೆಂಟರು ಬಿದ್ದುಬಿದ್ದು ನಕ್ಕರು.

ನಾನೇ ಎದ್ದು ಹೋಗಿ 'ಹಾಲ್' ಬಟನ್ ಆಫ್ ಮಾಡಿದೆ. ಕ್ಯಾಸೆಟ್ ಹಿಂದಕ್ಕೆ ಓಡಿಸಿ ಆ ಹಾಡನ್ನು ಮೊದಲಿನಿಂದ ಹಾಕಿದೆ. ನಿನ್ನ ಉಸಿರು ಕೇಳಿಸಿತು. ನನ್ನ ಮಾತು ಬರುವ ಮೊದಲೇ ಕ್ಯಾಸೆಟ್ ತೆಗೆದುಕೊಂಡು ಮನೆಗೆ ಬಂದೆ.

ಧರಣಿ