ಅಕ್ಕನಿಗೆ ಹೇಳಿದ ಮಂಜು

ಅಕ್ಟೋಬರ್ ೧೪, ಮಂಗಳವಾರ

ಆ ಸುಳ್ಳು ಹೇಳಬಾರದಿತ್ತು.

ಗುಡ್ಡದ ಮೇಲಿನಿಂದ ಐದು ಸರೋವರ ಒಟ್ಟಿಗೆ ಕಾಣುತ್ತವೆಂದೇ ಅಕ್ಕ ಈ ಪ್ರವಾಸಕ್ಕೆ ಹಟ ಹಿಡಿದದ್ದು. ಇನ್ನೂರು ಮೆಟ್ಟಿಲು ನೋಡಿದ್ದೇ ಮಂಡಿ ಹಿಡಿದುಕೊಂಡು, ಟಿಕೆಟ್ ಕೊಡುವವನ ಪಕ್ಕದ ಬೆಂಚಿನಲ್ಲಿ ಕೂತುಬಿಟ್ಟಳು. ನಾನೊಬ್ಬಳೇ ಹತ್ತಿದೆ. ಇಳಿದು ಬಂದಾಗ "ಹೇಗಿತ್ತೇ?" ಅಂದಳು. ಅವಳಿಗೆ ಬೇಜಾರಾಗದಿರಲಿ ಎಂದು, "ಏನಿಲ್ಲ ಬಿಡಕ್ಕ, ಬರೀ ಮಂಜು" ಅಂದುಬಿಟ್ಟೆ.

ಸಂಜೆ ಬಸ್ಸಿನಲ್ಲಿ ಹಿಂದಿನ ಸೀಟಿನ ಮೇಷ್ಟ್ರು ಅವಳತ್ತ ಫೋನ್ ಚಾಚಿದರು. "ಎಷ್ಟು ತಿಳಿಯಾಗಿತ್ತು ನೋಡಿ ಇವತ್ತು. ಐದೂ ಬಂದಿವೆ."

ಅಕ್ಕ ಒಂದೊಂದೇ ಫೋಟೊ ನೋಡಿ ಫೋನ್ ವಾಪಸ್ ಕೊಟ್ಟಳು. "ನೀನು ಹೇಳಿದ್ರೆ ನಾನೂ ನೋಡಿದ ಹಾಗೇ ಆಗ್ತಿತ್ತಲ್ಲೇ" ಅಂದಳು, ಅಷ್ಟೇ.

ಚಿಕ್ಕಂದಿನಲ್ಲಿ ನಾನು ಜ್ವರ ಬಂದು ಮಲಗಿದ್ದಾಗ, ತಾನು ನೋಡಿ ಬಂದ ಸಿನಿಮಾವನ್ನು ಹಾಡುಗಳ ಸಮೇತ ಹೇಳಿದವಳು ಅವಳು. ಒಂದು ಹೊಡೆದಾಟವನ್ನೂ ಬಿಟ್ಟಿರಲಿಲ್ಲ.

ಈಗ ಪಕ್ಕದ ಮಂಚದಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ನಿದ್ದೆ ಬಂದಿಲ್ಲ, ನನಗೆ ಗೊತ್ತು. ಈಗಲಾದರೂ ಎಲ್ಲ ಹೇಳೋಣವೆಂದರೆ, ಕೆಳಗೆ ಅವಳಿಗೆ ಏನು ಹೇಳಲಿ ಎಂಬ ಯೋಚನೆಯಲ್ಲೇ ನಾನು ಮೇಲೆ ಏನನ್ನೂ ನೆಟ್ಟಗೆ ನೋಡಲಿಲ್ಲ. ಐದನೆಯದರ ನೀರು ಹಸಿರಾಗಿತ್ತೋ, ಇಲ್ಲಾ ನೀಲಿಯೋ, ಅದೂ ನೆನಪಿಲ್ಲ.