ಕುಸ್ಕೊಗೆ ಮೂವರು

ಪಿಯಾರಾ ವಾಟರ್ಸ್, ಪರ್ತ್
16 ಮಾರ್ಚ್ 2025

ಪ್ರೀತಿಯ ಇಂದು,

‘ಕಲ್ಲು ನೆನಪಿಡುತ್ತದೆ, ನೀರು ಮರೆಯುತ್ತದೆ.’ ಎಂ.ಎ. ಓದುವಾಗ ಎಲ್ಲೋ ಕಂಡ ಸಾಲು. ಹೀಗೇ ಇತ್ತೋ, ಅರ್ಧ ನಾನೇ ಸೇರಿಸಿದೆನೋ. ನೀರು ಮರೆಯುತ್ತದೆ ಅಂತ ಬರೆದವರಿಗೆ ಯಾರು ಹೇಳಿದರು?

ನಿನ್ನ ಫೋನಿಗೆ ಮೂರು ವಾರ ಉತ್ತರ ಕೊಡಲಿಲ್ಲ, ಸಿಟ್ಟಾಗಬೇಡ. ‘ಅಣ್ಣ ಹೋಗಿ ವರ್ಷ ತುಂಬಿಲ್ಲ. ವರ್ಷದೊಳಗೆ ಬೆಟ್ಟ ಹತ್ತಬಾರದು ಅತ್ತಿಗೆ. ಪೆರು ಎಲ್ಲಿಗೂ ಓಡಿಹೋಗಲ್ಲ, ಆಗಸ್ಟ್ ಕಳೀಲಿ’ ಅಂದೆಯಲ್ಲ. ನಿನ್ನ ಮಾತು ಸರಿ. ಆದರೂ ನಾನು ಮೇ ತಿಂಗಳಿಗೇ ನಮ್ಮಿಬ್ಬರ ಪ್ರವಾಸದ ತಯಾರಿ ಮಾಡುತ್ತಿದ್ದೇನೆ. ನಿನ್ನಣ್ಣ ಉತ್ತಮ್ ಗುರುತು ಹಾಕಿಟ್ಟ ನಕ್ಷೆ ಊಟದ ಮೇಜಿನ ಮೇಲೆ ಹಾಸಿಯೇ ಇದೆ. ಕುಸ್ಕೊದಲ್ಲಿ ಎತ್ತರಕ್ಕೆ ಉಸಿರು ಹೊಂದಿಕೊಳ್ಳಲು ಎರಡು ದಿನ, ಆಮೇಲೆ ಊರುಬಂಬ ಕಣಿವೆ, ಕೊನೆಗೆ ಮಾಚು ಪಿಚು.

ಓದುತ್ತ ಓದುತ್ತ ಒಂದು ಕಡೆ ನಿಂತುಬಿಟ್ಟೆ. ಇಂಕಾ ಜನ ಸತ್ತ ರಾಜರನ್ನು ಒಣಗಿಸಿ ಮನೆಯಲ್ಲೇ ಕೂರಿಸುತ್ತಿದ್ದರಂತೆ. ಊಟ ಇಡುತ್ತಿದ್ದರು, ಹಬ್ಬಕ್ಕೆ ಹೊತ್ತು ತರುತ್ತಿದ್ದರು, ದೊಡ್ಡ ವಿಷಯವಾದರೆ ಅವರನ್ನೇ ಕೇಳುತ್ತಿದ್ದರು. ಬ್ರಿಸ್ಬೇನಿನಲ್ಲಿ ಪ್ರಣತಿಗೆ ಹೇಳಿದರೆ, ‘ಅಮ್ಮಾ, ದಟ್ಸ್ ಸೋ ಕ್ರೀಪಿ’ ಅಂದಳು. ನನಗೆ ಹಾಗನಿಸಲಿಲ್ಲ. ‘ಕುಸ್ಕೊಗೆ ಎರಡೇ ದಿನ ಸಾಕಾ?’ ಅಂತ ನಾನೂ ಜೋರಾಗಿ ಕೇಳುತ್ತೇನೆ. ಕೇಳಿ ಸ್ವಲ್ಪ ಹೊತ್ತು ಕಾಯುತ್ತೇನೆ.

ಮೊನ್ನೆ ಪ್ರವಾಸದ ಏಜೆನ್ಸಿಯವರು ಫೋನ್ ಮಾಡಿದ್ದರು. ‘ಅರ್ಜಿಯಲ್ಲಿ ಮೂವರು ಅಂತ ತುಂಬಿದ್ದೀರಿ ಮೇಡಂ, ಎರಡೇ ಹೆಸರಿದೆ.’ ನೋಡಿದರೆ ಹೌದು. ನೀನು, ನಾನು, ಆಮೇಲೆ ಒಂದು ಖಾಲಿ ಸಾಲು. ಮೂರು ಅಂತ ತುಂಬಿದ ನೆನಪೇ ನನಗಿಲ್ಲ.

ಅಡಿಲೇಡಿನಲ್ಲಿ ಈಗ ಬಿಸಿಲು ತಗ್ಗಿರಬೇಕು. ಮೊಣಕಾಲಿಗೆ ಎಣ್ಣೆ ಹಚ್ಚಿಕೋ. ನಿನಗೆ ಒಳ್ಳೆಯದಾಗಲಿ, ನನ್ನ ಮೇಲಿನ ಪ್ರೀತಿ ಹೀಗೇ ಇರಲಿ.

ನಿನ್ನ ಅತ್ತಿಗೆ,
ಸುಗುಣ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಲಾರೆ. ಅಂದು ಕ್ಯಾನಿಂಗ್ ನದಿಯಲ್ಲಿ ನೀನು ಅಳುತ್ತ ಕೈಯಾರೆ ಬಿಟ್ಟದ್ದು ನಿನ್ನಣ್ಣನ ಬೂದಿಯಲ್ಲ. ಹಿತ್ತಲಿನ ಬಾರ್ಬೆಕ್ಯೂ ಒಲೆಯ ಬೂದಿ. ಮಡಕೆಗೆ ತುಂಬುವಾಗ ನಾನೇ ಬದಲಿಸಿದೆ, ಅವರನ್ನು ಕಳಿಸಿಕೊಡಲು ನನ್ನಿಂದ ಆಗಲಿಲ್ಲ. ಚಿತಾಗಾರದವರು ಕೊಟ್ಟ ಡಬ್ಬಿ ನನ್ನ ಬೀರುವಿನಲ್ಲಿದೆ, ಸೀರೆಗಳ ಹಿಂದೆ. ಅದನ್ನು ಆಂಡಿಸ್‌ಗೆ ಒಯ್ಯಬೇಕೆಂದಿದ್ದೆ.

ಇಷ್ಟು ಬರೆಯುವಷ್ಟರಲ್ಲಿ ಪಕ್ಕದ ಮನೆಯ ಸೂಸನ್ ಬೀಗದ ಕೈ ಹಿಂತಿರುಗಿಸಲು ಬಂದಳು. ಉಡುಪಿ ಕಡೆಯವಳು, ಮಸ್ಕತ್ತಿನಿಂದ ಹೋದ ತಿಂಗಳಷ್ಟೇ ಇಲ್ಲಿಗೆ ಬಂದದ್ದು. ಉತ್ತಮ್ ವಿಷಯ ಅವಳಿಗೆ ನಾನಿನ್ನೂ ಹೇಳಿಲ್ಲ. ಹೋದ ವಾರ ನಾನು ಪ್ರಣತಿಯ ಮನೆಯಲ್ಲಿದ್ದಾಗ ಗಿಡಗಳಿಗೆ ನೀರು ಹಾಕಿದವಳು ಅವಳೇ. ಬಾಗಿಲಲ್ಲೇ ನಿಂತು ನಗುತ್ತ ಹೇಳಿದಳು: ‘ಮನೆ ಖಾಲಿ ಅಂದ್ರಿ ಮಾರಾಯ್ರೆ, ನಿಮ್ಮ ಯಜಮಾನ್ರು ಒಳಗೇ ಇದ್ರಲ್ಲ! ಪೆರುವಿಗೆ ಅವರು ಬರುದಿಲ್ವಂತೆ. ಅವರನ್ನು ನದಿಗೆ ಕರ್ಕೊಂಡು ಹೋಗ್ಲಿಕ್ಕೆ ಇಂದುಗೆ ಹೇಳಿ ಅಂದ್ರು. ಇಂದು ಅಂದ್ರೆ ಯಾರು?’